ಸ್ಕೂಟರಿನ ಕಿಡಿ

ಚರಿತ್ರೆಯ ಪಾಠವೆಂದರೆ ರಾಜರು, ಯುದ್ಧಗಳು, ಒಪ್ಪಂದಗಳು ಎಂದೇ ನಮ್ಮ ಮಕ್ಕಳ ತಿಳುವಳಿಕೆ. ಯಂತ್ರಗಳ ಸರದಿ ಬಂದಾಗಲೂ ಅಷ್ಟೆ. ಯಾರು, ಯಾವ ಇಸವಿಯಲ್ಲಿ, ಏನನ್ನು ಕಂಡುಹಿಡಿದರು ಎಂಬ ಮೂರು ಕಾಲಮ್ಮಿನ ಪಟ್ಟಿ. ಅದನ್ನು ಬಾಯಿಪಾಠ ಮಾಡಿದರೆ ಐದು ಅಂಕ. ಕಂಡುಹಿಡಿದ ಯಂತ್ರ ಮಾರನೆಯ ದಿನ ಕೆಟ್ಟು ನಿಂತಾಗ ಅದನ್ನು ಸರಿಮಾಡಿದವರು ಯಾರು, ಆ ವಿದ್ಯೆ ಯಾರ ಕೈಗೆ ಬಂತು, ಯಾರ ಕೈಗೆ ಬರಲಿಲ್ಲ ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಇಪ್ಪತ್ತೆಂಟು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟ ಮೇಲೆ ನನಗೆ ಆ ಬರೆಯದ ನಾಲ್ಕನೆಯ ಕಾಲಮ್ಮಿನ ಮೇಲೇ ಹೆಚ್ಚು ಕುತೂಹಲ. ಅದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಮನೆಯ ಅಂಗಳದಲ್ಲಿ ನಿಂತ ಸ್ಕೂಟರ್ ಸಾಕು. ಅದರಲ್ಲೂ ಅದರ ಹೊಟ್ಟೆಯೊಳಗೆ ಹುಟ್ಟುವ ಕಿಡಿಯೊಂದೇ ಸಾಕು.

ಪೆಟ್ರೋಲ್ ಇಂಜಿನ್ನಿಗೆ ಬೇಕಾದದ್ದು ಮೂರೇ: ಪೆಟ್ರೋಲು, ಗಾಳಿ, ಸರಿಯಾದ ಗಳಿಗೆಗೆ ಒಂದು ಕಿಡಿ. ಮೊದಲಿನ ಎರಡನ್ನು ಹೊಂದಿಸುವುದಕ್ಕಿಂತ ಮೂರನೆಯದನ್ನು ಹೊಂದಿಸುವುದು ಕಷ್ಟವಾಯಿತು. ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುವ ಟೂ ಸ್ಟ್ರೋಕ್ ಇಂಜಿನ್ನಿಗೆ ಸೆಕೆಂಡಿಗೆ 50 ಕಿಡಿ ಬೇಕು. ಒಂದೂ ತಪ್ಪಬಾರದು, ಒಂದೂ ಮುಂಚೆ ಬರಬಾರದು.

ಇದರ ಬೇರು 1831ರಲ್ಲಿದೆ. ಅಯಸ್ಕಾಂತವನ್ನು ತಂತಿಯ ಸುರುಳಿಯ ಬಳಿ ಅಲ್ಲಾಡಿಸಿದರೆ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ ಎಂದು ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ವರ್ಷ ಅದು. ಮುಂದೆ, ಸುರುಳಿಯ ಮೇಲೆ ಇನ್ನೊಂದು ಸುರುಳಿ ಸುತ್ತಿ, ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಚಿಮ್ಮುತ್ತದೆ ಎಂದು ತಿಳಿಯಿತು. ಆದರೆ ಕಡಿಯುವ ಜಾಗದಲ್ಲೇ ಕಿಡಿ ಹಾರಿ ಲೋಹ ಸುಟ್ಟುಹೋಗುತ್ತಿತ್ತು. ಅಲ್ಲಿಗೊಂದು ಕಂಡೆನ್ಸರ್ ಸೇರಿಸಿ ಎಂದು 1853ರಲ್ಲಿ ಸೂಚಿಸಿದವನು ಫ್ರಾನ್ಸಿನ ಫಿಜೋ. 1860ರಲ್ಲಿ ಲೆನ್ವಾರನ ಗ್ಯಾಸ್ ಇಂಜಿನ್ ಇಂಥ ಸುರುಳಿಯ ಕಿಡಿಯಿಂದಲೇ ಓಡಿತು. ಜರ್ಮನಿಯ ರಾಬರ್ಟ್ ಬಾಷ್ ತನ್ನ ಕಾರ್ಖಾನೆಯಲ್ಲಿ 1887ರಲ್ಲಿ ನಿಂತಲ್ಲೇ ಓಡುವ ಇಂಜಿನ್ನಿಗೆ ಮ್ಯಾಗ್ನೆಟೋ ಮಾಡಿದ. ಹತ್ತು ವರ್ಷದ ನಂತರ ಅದನ್ನು ವಾಹನಕ್ಕೆ ಅಳವಡಿಸಿದ. 1902ರಲ್ಲಿ ಅವನ ಬಳಿ ಕೆಲಸಕ್ಕಿದ್ದ ಹೊನೋಲ್ಡ್ ಎಂಬ ಇಂಜಿನಿಯರು ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗನ್ನು ಜೋಡಿಸಿದ. ಬ್ಯಾಟರಿಯ ಹಂಗಿಲ್ಲದೆ, ಇಂಜಿನ್ ತಾನೇ ತಿರುಗಿ ತಾನೇ ಕಿಡಿ ಹುಟ್ಟಿಸಿಕೊಳ್ಳುವ ಏರ್ಪಾಡು ಸಿದ್ಧವಾಯಿತು. ನಮ್ಮ ಹಳೆಯ ಸ್ಕೂಟರುಗಳು ಓಡಿದ್ದು ಇದೇ ಏರ್ಪಾಡಿನ ಮೇಲೆ.

ಮೂರು ಕಾಲಮ್ಮಿನ ಪಟ್ಟಿ ಇಲ್ಲಿಗೆ ಮುಗಿಯಿತು. ಅದರಲ್ಲಿ ಸೇರದ ಹೆಸರು ಬೆರ್ತಾ ಬೆಂಜ್. ಕಾರ್ಲ್ ಬೆಂಜ್ 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು ಪುಸ್ತಕಗಳಲ್ಲಿದೆ. ಅವನ ಉದ್ಯಮಕ್ಕೆ ತನ್ನ ವರದಕ್ಷಿಣೆಯ ಹಣ ಹಾಕಿದ ಹೆಂಡತಿ, 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಆ ಗಾಡಿಯಲ್ಲೇ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಷ್ಟು ದೂರ ಮೋಟಾರು ಗಾಡಿಯಲ್ಲಿ ಅದುವರೆಗೆ ಯಾರೂ ಹೋಗಿರಲಿಲ್ಲ. ಪೆಟ್ರೋಲಿನಂಥ ದ್ರಾವಕವನ್ನು ಔಷಧಿ ಅಂಗಡಿಯಲ್ಲಿ ಕೊಂಡಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೊಪ್ಪಿಗೆಯ ಪಿನ್ನಿನಿಂದ ಚುಚ್ಚಿ ತೆಗೆದಳು. ಕಿಡಿಯ ತಂತಿಯ ಹೊದಿಕೆ ಸವೆದು ವಿದ್ಯುತ್ ಸೋರಿದಾಗ ಕಾಲುಚೀಲದ ಪಟ್ಟಿ ಬಿಚ್ಚಿ ತಂತಿಗೆ ಸುತ್ತಿದಳು. ದಾರಿಬದಿಯಲ್ಲಿ ಮೋಟಾರು ಗಾಡಿಯ ಕಿಡಿಯ ದೋಷ ಕಂಡುಹಿಡಿದು ಸರಿಪಡಿಸಿದವರ ಸಾಲು ಹೀಗೆ ಒಬ್ಬ ಹೆಂಗಸಿನಿಂದ ಮೊದಲಾಗುತ್ತದೆ. ಆಮೇಲಿನ ನೂರು ವರ್ಷ ಆ ಕೆಲಸ ಹೆಂಗಸರಿಗೆ ಹೇಳಿದ್ದಲ್ಲ ಎಂಬ ಮಾತು ಎಲ್ಲಿಂದ ಬಂತೋ!

ಸ್ಕೂಟರಿನ ಕಥೆ ಶುರುವಾಗುವುದು ಇಟಲಿಯಲ್ಲಿ, ಎರಡನೆಯ ಮಹಾಯುದ್ಧದ ಬೂದಿಯಲ್ಲಿ. ಪಿಯಾಜಿಯೋ ಕಂಪನಿಯ ಪೋಂತೆದೆರಾದ ವಿಮಾನ ಕಾರ್ಖಾನೆ ಬಾಂಬ್ ದಾಳಿಗೆ ನೆಲಸಮವಾಗಿತ್ತು. ಜನರಿಗೆ ಓಡಾಡಲು ಅಗ್ಗದ ವಾಹನ ಬೇಕಿತ್ತು. ವಿಮಾನದ ಇಂಜಿನಿಯರ್ ಕೊರಾದಿನೋ ದಸ್ಕಾನಿಯೋಗೆ ಮೋಟಾರ್ ಸೈಕಲ್ ಎಂದರೆ ಆಗುತ್ತಿರಲಿಲ್ಲ. ಅದರ ಚೈನು, ಅದರ ಎಣ್ಣೆ ಜಿಡ್ಡು, ಕಾಲು ಎತ್ತಿ ಹತ್ತಬೇಕಾದ ಕಷ್ಟ ಯಾವುದೂ ಅವನಿಗೆ ಹಿಡಿಸಿರಲಿಲ್ಲ. 1946ರ ಏಪ್ರಿಲಿನಲ್ಲಿ ಪೇಟೆಂಟಿಗೆ ಕೊಟ್ಟ ಅವನ ವೆಸ್ಪಾದಲ್ಲಿ ಚೈನಿಲ್ಲ, ಇಂಜಿನ್ ಹಿಂಚಕ್ರದ ಪಕ್ಕದಲ್ಲಿ ತಗಡಿನ ಮುಚ್ಚಳದೊಳಗೆ ಅಡಗಿದೆ, ಮುಂದೆ ಕಾಲಿಡಲು ಬಯಲು ಜಾಗವಿದೆ. ಲಂಗ ತೊಟ್ಟವರೂ ಅದನ್ನು ಓಡಿಸಬಹುದು, ಯಾರ ಬಟ್ಟೆಗೂ ಜಿಡ್ಡು ತಾಗದು. ಹಾಗೆ ನೋಡಿದರೆ ಸ್ಕೂಟರ್ ಹುಟ್ಟಿದ್ದೇ ಇಂಜಿನ್ನನ್ನು ಕಣ್ಣಿಗೆ ಮರೆಮಾಡಲು. ಆದರೆ ಆ ಕಾಲದ ಕಿಡಿ ಎಷ್ಟು ತಂಟೆಕೋರ ಎಂದರೆ, ಮುಚ್ಚಳ ತೆಗೆಯದೆ ಬಾಳುವೆ ಮಾಡುವ ಹಾಗೇ ಇರಲಿಲ್ಲ.

ನಮ್ಮ ದೇಶಕ್ಕೆ ವೆಸ್ಪಾ ಬಂದದ್ದು 1948ರಲ್ಲಿ, ಬಜಾಜ್ ಮನೆತನದ ವ್ಯಾಪಾರ ಸಂಸ್ಥೆಯ ಆಮದಿನ ಮೂಲಕ. 1960ರ ದಶಕದಲ್ಲಿ ಪುಣೆಯ ಬಳಿಯ ಆಕುರ್ಡಿಯಲ್ಲೇ ತಯಾರಾಗತೊಡಗಿತು. 1971ರಲ್ಲಿ ಇಟಲಿಯವರ ಒಪ್ಪಂದ ಮುಗಿದು, 1972ರಲ್ಲಿ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತ ಚೇತಕ್ ಬಂತು. ಅತ್ತ ಲಖನೌದಲ್ಲಿ ಸರ್ಕಾರದ ಸ್ಕೂಟರ್ಸ್ ಇಂಡಿಯಾ, ಇಟಲಿಯ ಲ್ಯಾಂಬ್ರೆಟಾ ಕಾರ್ಖಾನೆಯ ಯಂತ್ರಗಳನ್ನೇ ಕೊಂಡು ತಂದು ವಿಜಯ್ ಸೂಪರ್ ಮಾಡಿತು. ಬೇಡಿಕೆ ಬೆಟ್ಟದಷ್ಟು, ತಯಾರಿಕೆಗೆ ಲೈಸೆನ್ಸಿನ ಮಿತಿ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಅಷ್ಟು ಕಾದು ಸಿಕ್ಕಿದ ಗಾಡಿಯನ್ನು ಇಪ್ಪತ್ತು ವರ್ಷವಾದರೂ ಬಾಳಿಸಲೇಬೇಕು. ದುರಸ್ತಿಯ ವಿದ್ಯೆ ನಮ್ಮ ಮಧ್ಯಮ ವರ್ಗದ ಮನೆಗಳೊಳಗೆ ಬಂದದ್ದು ಹೀಗೆ, ಈ ಕೊರತೆಯ ಬಾಗಿಲಿನಿಂದ.

ನಮ್ಮದು ಸಾಗರದ ಕಡೆಯ ಮನೆ. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. 1980ರ ದಶಕದ ಆರಂಭದಲ್ಲಿ ಅವರು ಹಳೆಯ ಸ್ಕೂಟರೊಂದನ್ನು ಕೊಂಡಿದ್ದರು. ಮಲೆನಾಡಿನ ಆಷಾಢದ ಮಳೆಗೆ ಸ್ಕೂಟರೇನು, ಮನುಷ್ಯರೇ ಹೊತ್ತಿಕೊಳ್ಳುವುದು ಕಷ್ಟ. ಹತ್ತು ಕಿಕ್ ಹೊಡೆದರೂ ಗಾಡಿ ಉಸಿರೆತ್ತದ ದಿನ ಅಪ್ಪ ಸಿಟ್ಟಾಗುತ್ತಿರಲಿಲ್ಲ. ಪಂಚೆ ಎತ್ತಿಕಟ್ಟಿ ಬಲಬದಿಯ ಮುಚ್ಚಳ ಬಿಚ್ಚುತ್ತಿದ್ದರು. ಅವರ ಕ್ರಮ ಒಂದು ದಿನವೂ ತಪ್ಪಿದ್ದಿಲ್ಲ.

ಮೊದಲು ಪೆಟ್ರೋಲಿನ ನಲ್ಲಿ ತೆರೆದಿದೆಯೇ ಎಂದು ನೋಡುವುದು. ಆಮೇಲೆ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುವುದು. ತಿಳಿಗಂದು ಇದ್ದರೆ ಇಂಜಿನ್ ಆರೋಗ್ಯವಾಗಿದೆ. ಕಪ್ಪಾಗಿ ಜಿಡ್ಡಾಗಿದ್ದರೆ ಎಣ್ಣೆ ಹೆಚ್ಚಾಗಿದೆ. ಬಿಳಿಚಿಕೊಂಡಿದ್ದರೆ ಇಂಜಿನ್ ವಿಪರೀತ ಕಾಯುತ್ತಿದೆ. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಬೆರೆಸುವುದರಿಂದ ನಮ್ಮಲ್ಲಿ ಕಪ್ಪು ಜಿಡ್ಡೇ ಹೆಚ್ಚು. ಆ ಪ್ಲಗ್ಗನ್ನು ಒರೆಸಿ, ಎಮರಿ ಕಾಗದದಿಂದ ಉಜ್ಜಿ, ಬಚ್ಚಲೊಲೆಯ ಕಟ್ಟೆಯ ಮೇಲಿಟ್ಟು ಬಿಸಿ ಮಾಡುತ್ತಿದ್ದರು. "ನನ್ನ ಸ್ನಾನದ ನೀರಿಗಿಂತ ಆ ಪ್ಲಗ್ಗಿನ ಉಪಚಾರವೇ ಜೋರಾಯ್ತು" ಎಂದು ಅಮ್ಮ ಗೊಣಗುತ್ತಿದ್ದರು.

ನಂತರ ಮುಖ್ಯ ಪರೀಕ್ಷೆ. ಸುತ್ತ ಚೆಲ್ಲಿದ ಪೆಟ್ರೋಲು ಇಲ್ಲವೆಂದು ನೋಡಿಕೊಂಡು, ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಲೋಹದ ಮೈ ಇಂಜಿನ್ನಿಗೆ ತಾಗುವಂತೆ ಒರಗಿಸಿ, ರಬ್ಬರಿರುವ ಕಡೆಯಲ್ಲೇ ಹಿಡಿದು ಒಂದು ಕಿಕ್. ತುದಿಯಲ್ಲಿ ನೀಲಿ ಕಿಡಿ ಚಟ್ ಎಂದರೆ ವಿದ್ಯುತ್ತಿನ ಕಡೆ ಸರಿಯಿದೆ, ದೋಷ ಕಾರ್ಬುರೇಟರಿನಲ್ಲಿದೆ. ಕಿಡಿ ಇಲ್ಲವಾದರೆ ಬೇರೆ ಪ್ಲಗ್ ಹಾಕಿ ನೋಡುವುದು. ಆಗಲೂ ಇಲ್ಲವಾದರೆ ಕ್ಯಾಪು ಮತ್ತು ತಂತಿ ಒದ್ದೆಯಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡುವುದು. ನೀರಿನ ಪಸೆ ಇದ್ದರೆ ಸಾವಿರಾರು ವೋಲ್ಟಿನ ವಿದ್ಯುತ್ ಪ್ಲಗ್ಗಿನ ತುದಿಯವರೆಗೆ ಹೋಗದೆ ಹಾದಿಯಲ್ಲೇ ಸೋರಿಹೋಗುತ್ತದೆ. ಬೆರ್ತಾಳ ಗಾಡಿಯಲ್ಲಿ ಆದದ್ದೂ ಇಂಥದೇ ಸೋರಿಕೆ. ಅದೂ ಸರಿಯಿದ್ದರೆ ಕೀಲಿಯ ಸ್ವಿಚ್ಚಿನಿಂದ ಬರುವ ತಂತಿಯನ್ನು ಬಿಚ್ಚಿ ನೋಡುವುದು. ಮನೆಯ ದೀಪದ ಸ್ವಿಚ್ಚಿಗೂ ಇದಕ್ಕೂ ತದ್ವಿರುದ್ಧ. ಮನೆಯಲ್ಲಿ ತಂತಿ ಕೂಡಿದರೆ ದೀಪ ಹತ್ತುತ್ತದೆ; ಮ್ಯಾಗ್ನೆಟೋ ಗಾಡಿಯಲ್ಲಿ ಆ ತಂತಿ ಮೈಗೆ ಕೂಡಿದರೆ ಇಂಜಿನ್ ನಿಲ್ಲುತ್ತದೆ. ಆದ್ದರಿಂದ ತಂತಿ ಎಲ್ಲಿಯಾದರೂ ಸವೆದು ಲೋಹಕ್ಕೆ ತಾಗಿದ್ದರೆ, ಕೀಲಿ ಹೇಗೇ ತಿರುಗಿಸಿ, ಕಿಡಿ ಬರದು.

ಕಟ್ಟಕಡೆಗೆ ಪಾಯಿಂಟು. ಫ್ಯಾನಿನ ಮುಚ್ಚಳ ಬಿಚ್ಚಿದರೆ ಮ್ಯಾಗ್ನೆಟಿನ ಚಕ್ರದಲ್ಲಿ ಒಂದು ಕಿಂಡಿ. ಕಿಂಡಿಯೊಳಗೆ ತೆರೆದು ಮುಚ್ಚುವ ಎರಡು ಪುಟ್ಟ ಲೋಹದ ಬೊಟ್ಟುಗಳು. ಅವು ಬಿಚ್ಚಿಕೊಳ್ಳುವ ಕ್ಷಣದಲ್ಲೇ ಕಿಡಿ ಹುಟ್ಟುವುದು. ನಡುವಣ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಬೊಟ್ಟು ಮತ್ತೆ ಮತ್ತೆ ಸುಟ್ಟು ಕರಕಾಗುತ್ತಿದ್ದರೆ ಕಂಡೆನ್ಸರ್ ಹೋಗಿದೆ ಎಂದು ಅರ್ಥ. ಫಿಜೋನ 1853ರ ಮಾತು ಸಾಗರದ ಗ್ಯಾರೇಜಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ನಿಜವಾಗುತ್ತಿತ್ತು. ಪೇಟೆಯ ಮೆಕ್ಯಾನಿಕ್ ಆ ಅಂತರವನ್ನು ಮಡಚಿದ ಅಂಚೆ ಕಾರ್ಡಿನಿಂದ ಅಳೆಯುತ್ತಿದ್ದರು. ನಾಲ್ಕನೆಯ ತರಗತಿಯೂ ದಾಟದ ಅವರಿಗೆ ಫ್ಯಾರಡೆ ಯಾರೆಂದು ಗೊತ್ತಿರಲಿಲ್ಲ, ಫ್ಯಾರಡೆಯ ನಿಯಮ ಮಾತ್ರ ಬೆರಳ ತುದಿಯಲ್ಲಿತ್ತು. ಅವರು ಬದಲಿಸಿ ಕೊಡುತ್ತಿದ್ದ ಪ್ಲಗ್ಗಿನ ಮೇಲೆ ಮೈಕೋ ಎಂಬ ಹೆಸರಿರುತ್ತಿತ್ತು. ಅದು 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಂಪನಿ. ಬಾಷ್ ಸಂಸ್ಥೆಗೆ ಸೇರಿದ್ದ ಅದು 2008ರಲ್ಲಿ ಆ ಹೆಸರನ್ನೇ ಇಟ್ಟುಕೊಂಡಿತು. 1902ರ ಜರ್ಮನಿಯ ಕಿಡಿ ಬೆಂಗಳೂರಿನ ದಾರಿಯಾಗಿ ನಮ್ಮ ಅಂಗಳಕ್ಕೆ ಬಂದಿತ್ತು ಎಂದು ಈಗ ಅನ್ನಿಸುತ್ತದೆ.

ಈ ಎಲ್ಲ ಕೆಲಸದಲ್ಲಿ ನನ್ನ ಪಾಲಿನದು ಬ್ಯಾಟರಿ ಹಿಡಿಯುವುದು. ಸ್ಪ್ಯಾನರ್ ತಮ್ಮನ ಕೈಗೆ ಹೋಗುತ್ತಿತ್ತು. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು, ನಟ್ಟು ಯಾವ ಕಡೆ ತಿರುಗಿಸಬೇಕೆಂದು ಪ್ರತಿಸಲವೂ ನನ್ನನ್ನೇ ಕೇಳುತ್ತಿದ್ದ. ಕಾರ್ಬುರೇಟರಿನ ಜೆಟ್ ಕಟ್ಟಿಕೊಂಡರೆ ಅಮ್ಮನ ಹೇರ್‌ಪಿನ್ನು ಬೇಕಾಗುತ್ತಿತ್ತು, ಅಮ್ಮ ಬೇಕಾಗುತ್ತಿರಲಿಲ್ಲ. ಅಪ್ಪ ಕೆಟ್ಟವರಲ್ಲ. ನನ್ನನ್ನು ಬಿ.ಎ., ಬಿ.ಎಡ್. ಓದಿಸಿದವರು. ಆದರೂ "ನೀನೂ ಒಂದು ಸಲ ಬಿಚ್ಚು" ಎಂದು ಹೇಳಬೇಕೆಂದು ಅವರಿಗೆ ಹೊಳೆಯಲೇ ಇಲ್ಲ. ಊರಿನ ಯಾವ ಅಪ್ಪನಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಕಾಲ ಬದಲಾಯಿತು. 1980ರ ದಶಕದ ನಡುವೆ ಬಂದ ಕೈನೆಟಿಕ್ ಹೋಂಡಾಕ್ಕೆ ಗೇರಿರಲಿಲ್ಲ. ಗುಂಡಿ ಒತ್ತಿದರೆ ಇಂಜಿನ್ ಶುರುವಾಗುತ್ತಿತ್ತು. ಅಮೆರಿಕದಲ್ಲಿ 1912ರಲ್ಲೇ ಕೆಟರಿಂಗ್ ಎಂಬ ಇಂಜಿನಿಯರ್ ಕ್ಯಾಡಿಲಾಕ್ ಕಾರಿಗೆ ಇಂಥ ವಿದ್ಯುತ್ ಸ್ಟಾರ್ಟರ್ ಜೋಡಿಸಿ, ಹ್ಯಾಂಡಲ್ ತಿರುಗಿಸುವ ತೋಳ್ಬಲದ ಅಗತ್ಯವನ್ನು ತಪ್ಪಿಸಿದ್ದ. ನಮ್ಮ ಹೆಂಗಸರ ಪಾಲಿಗೆ ಆ ಗುಂಡಿ ಬರಲು ಮತ್ತೆ ಎಪ್ಪತ್ತು ವರ್ಷ ಹಿಡಿಯಿತು. ಬರಬರುತ್ತ ಪಾಯಿಂಟುಗಳು ಮಾಯವಾಗಿ ಸಿಡಿಐ ಎಂಬ ಪುಟ್ಟ ಪೆಟ್ಟಿಗೆ ಬಂತು. ಅದರಲ್ಲಿ ಸವೆಯುವ ಬೊಟ್ಟಿಲ್ಲ, ಉಜ್ಜುವ ಎಮರಿ ಕಾಗದ ಬೇಕಿಲ್ಲ. 2001ರಲ್ಲಿ ಆಕ್ಟಿವಾ ಬಂದ ಮೇಲೆ ನಮ್ಮ ಶಾಲೆಯ ಸೈಕಲ್ ಸ್ಟ್ಯಾಂಡಿನಲ್ಲಿ ಟೀಚರುಗಳ ಸ್ಕೂಟರೇ ಹೆಚ್ಚಾದವು. 2020ರ ಏಪ್ರಿಲಿನಿಂದ ಹೊಗೆಯ ನಿಯಮ ಬಿಗಿಯಾಗಿ, ಕಿಡಿಯ ಗಳಿಗೆಯನ್ನೂ ಪೆಟ್ರೋಲಿನ ಹನಿಯನ್ನೂ ಕಂಪ್ಯೂಟರೇ ಲೆಕ್ಕ ಹಾಕುವ ಗಾಡಿಗಳು ಬಂದವು. ಅದೇ ವರ್ಷದ ಜನವರಿಯಲ್ಲಿ ಕಿಡಿಯೇ ಬೇಡದ ವಿದ್ಯುತ್ ಚೇತಕ್ ಪುಣೆ ಮತ್ತು ಬೆಂಗಳೂರಿನ ಮಾರುಕಟ್ಟೆಗೆ ಬಂದಿತ್ತು.

ಇದನ್ನು ಹಳಹಳಿಸುವವಳು ನಾನಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಳೆಯಲ್ಲಿ ಹತ್ತು ಕಿಕ್ ಹೊಡೆದವರಿಗೆ ಆ ಗುಂಡಿಯ ಬೆಲೆ ಗೊತ್ತು. ಗುಂಡಿಯಿಂದಾಗಿ ಎಷ್ಟೋ ಹೆಂಗಸರು ಬಸ್ಸಿಲ್ಲದ ಊರಿಗೂ ಕೆಲಸಕ್ಕೆ ಹೋದರು. ನಾನೂ ಅವರಲ್ಲಿ ಒಬ್ಬಳು. ಆದರೆ ಒಂದು ಲೆಕ್ಕ ಮಾತ್ರ ಬಾಕಿ ಉಳಿಯಿತು. ಮುಚ್ಚಳ ತೆರೆದಿದ್ದ ಕಾಲದಲ್ಲಿ ನಮ್ಮನ್ನು ಹತ್ತಿರ ಬಿಡಲಿಲ್ಲ. ನಾವು ಹತ್ತಿರ ಬರುವ ಹೊತ್ತಿಗೆ ಮುಚ್ಚಳಕ್ಕೆ ಬೆಸುಗೆ ಬಿದ್ದಿತ್ತು. ಗಾಡಿ ನಮ್ಮದಾಯಿತು, ಅದರ ಒಳಗು ನಮ್ಮದಾಗಲಿಲ್ಲ. ಇಂದು ಸ್ಕೂಟರ್ ನಿಂತರೆ ಪದವೀಧರೆಯೂ ಮೊದಲು ಮಾಡುವ ಕೆಲಸ ಗಂಡನಿಗೋ ಮಗನಿಗೋ ಫೋನು.

ಹಾಗೆಂದು ಇಂದಿನ ಗಾಡಿ ಪೂರ್ತಿ ಮುಚ್ಚಿದ ಪುಸ್ತಕವೂ ಅಲ್ಲ. ಗುಂಡಿ ಒತ್ತಿದಾಗ ಬರಿಯ ಟಿಕ್ ಟಿಕ್ ಸದ್ದು ಬಂದರೆ ಬ್ಯಾಟರಿ ಸೊರಗಿದೆ ಅಥವಾ ಅದರ ತುದಿಯಲ್ಲಿ ಕಿಲುಬು ಕಟ್ಟಿದೆ. ಹಾರ್ನೂ ಇಲ್ಲ, ದೀಪವೂ ಇಲ್ಲ ಎಂದರೆ ಫ್ಯೂಸ್ ನೋಡಬೇಕು. ಇಂಜಿನ್ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಪ್ಲಗ್ ಈಗಲೂ ಇದೆ, ಕ್ಯಾಪ್ ಈಗಲೂ ಇದೆ, ಮಳೆ ಈಗಲೂ ಇದೆ. ಅಪ್ಪನ ಕ್ರಮ ಈಗಲೂ ನಡೆಯುತ್ತದೆ: ಸುಲಭವಾದದ್ದನ್ನು ಮೊದಲು ನೋಡು, ಒಂದು ಸಲಕ್ಕೆ ಒಂದನ್ನೇ ಬದಲಿಸು, ಸರಿಯಿರುವುದನ್ನು ಬಿಟ್ಟು ಮುಂದೆ ಹೋಗು.

ಎರಡು ವರ್ಷದ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಗ್ಯಾರೇಜಿನಿಂದ ಒಂದು ಹಳೆಯ ಇಂಜಿನ್ನನ್ನು ಶಾಲೆಗೆ ತಂದುಕೊಟ್ಟ. ಒಂಬತ್ತನೆಯ ತರಗತಿಯ ಕೈಗಾರಿಕಾ ಕ್ರಾಂತಿಯ ಪಾಠದ ದಿನ ಅದನ್ನು ಮೇಜಿನ ಮೇಲಿಟ್ಟೆವು. ಪೆಟ್ರೋಲಿನ ಹನಿಯೂ ಇಲ್ಲದ ಒಣ ಇಂಜಿನ್ ಅದು. ಪ್ಲಗ್ ಬಿಚ್ಚುವ ಸರದಿ ಮೊದಲು ಹುಡುಗಿಯರದು ಎಂದು ಹೇಳಿದೆ. ಹುಡುಗರು ಬ್ಯಾಟರಿ ಹಿಡಿದರು. ಕಿಟಕಿ ಮುಚ್ಚಿ, ಒಬ್ಬಳು ಕ್ಯಾಪ್ ಹಿಡಿದು, ಇನ್ನೊಬ್ಬಳು ಕಿಕ್ಕರ್ ಒತ್ತಿದಾಗ ಏನೂ ಕಾಣಲಿಲ್ಲ. "ಸರ್ ಹತ್ರ ಕೊಡೋಣ ಮಿಸ್" ಎಂದಿತು ಹಿಂದಿನ ಬೆಂಚು. ಕ್ಯಾಪ್ ಹಿಡಿದಿದ್ದವಳು ಕೊಡಲಿಲ್ಲ. ತಂತಿಯ ತುದಿಯನ್ನು ಲಂಗದ ಅಂಚಿನಿಂದ ಒರೆಸಿ, ಮತ್ತೆ ಸಿಕ್ಕಿಸಿ, ಪ್ಲಗ್ಗಿನ ಮೈಯನ್ನು ಇಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ, "ಇನ್ನೊಂದ್ಸಲ ಒತ್ತೇ" ಎಂದಳು.