ಅಂಗಳಕ್ಕೆ ಬಂದ ಶಾಲೆ

ನಮ್ಮ ಧರ್ಮಕೇಂದ್ರದ ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ಶಾಲೆಯೆಂದು ಅನೇಕರು ಎಣಿಸದ ಒಂದು ಶಾಲೆಯ, ಎಂದರೆ ಅಂಗನವಾಡಿಯ, ಮೂಲವನ್ನು ಕುರಿತು ನಾಲ್ಕು ಮಾತು ಹೇಳುವುದು ನನ್ನ ಉದ್ದೇಶ.

ಶಿಶುಶಿಕ್ಷಣವೆಂದೊಡನೆ ಡಾ. ಮಾರಿಯಾ ಮಾಂಟೆಸ್ಸೊರಿಯವರ ಹೆಸರು ನೆನಪಿಗೆ ಬರುವುದು ಸಹಜ. ಆಕೆ ರೋಮ್ ನಗರದ ಸಾನ್ ಲೊರೆಂಜೊ ಎಂಬ ಕೂಲಿಕಾರರ ಬಡಾವಣೆಯಲ್ಲಿ ಮೊದಲ ‘ಮಕ್ಕಳ ಮನೆ’ಯನ್ನು ತೆರೆದದ್ದು 1907ರ ಜನವರಿ 6ರಂದು. ಅಂದು ಮೂರು ರಾಯರ ಹಬ್ಬವೆಂಬುದು ನಮ್ಮವರಿಗೆ ಮೆಚ್ಚುಗೆಯಾದೀತು. ಬಡಮಕ್ಕಳ ನಡುವೆ ಹುಟ್ಟಿದ ಆ ಪದ್ಧತಿ ನಮ್ಮ ದೇಶಕ್ಕೆ ಬರುವ ವೇಳೆಗೆ ಬೆಲೆಯುಳ್ಳ ಸಾಧನಗಳನ್ನು ಕೊಳ್ಳಬಲ್ಲವರ ಸೊತ್ತಾದದ್ದು ವಿಪರ್ಯಾಸವೇ ಸರಿ.

ಅದನ್ನು ಮರಳಿ ಬಡವರ ಬಳಿಗೆ ಒಯ್ದವರು ತಾರಾಬಾಯಿ ಮೋಡಕ್ (1892–1973). ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದು ಪಳಗಿದ್ದ ಈಕೆ, 1945ರಲ್ಲಿ ಮುಂಬಯಿಗೆ ಉತ್ತರದಲ್ಲಿರುವ ಬೋರ್ಡಿ ಎಂಬ ಕಡಲತೀರದ ಸಣ್ಣ ಊರಿನಲ್ಲಿ ಬಾಲವಾಡಿಯೊಂದನ್ನು ಆರಂಭಿಸಿದರು. ಬಾಲ್ಯದಲ್ಲಿಯೇ ವಿಧವೆಯಾಗಿದ್ದ ಅನುತಾಯಿ ವಾಘ್ (1910–1992) ಅವರಿಗೆ ಜೊತೆಯಾದರು. ಎಣಿಕೆ ಕಲಿಸಲು ಚಿಪ್ಪು, ಬೀಜ, ಬೆಣಚುಕಲ್ಲು. ಬಣ್ಣ ಗುರುತಿಸಲು ಎಲೆ, ಹೂವು. ಪರದೇಶದ ಪೆಟ್ಟಿಗೆಗಳ ಹಂಗು ಅಲ್ಲಿಗೆ ತಪ್ಪಿತು.

ಬಾಲವಾಡಿಯ ಬಾಗಿಲೇನೋ ಎಲ್ಲರಿಗೂ ತೆರೆದಿತ್ತು. ಆದರೆ ದಲಿತರ ಕೇರಿಯ ಮಕ್ಕಳು ಅದರೊಳಗೆ ಕಾಲಿಡುವುದು ಸುಲಭವಾಗಿರಲಿಲ್ಲ. ತೆರೆದ ಬಾಗಿಲೊಂದೇ ಸಾಲದೆಂಬುದನ್ನು ಧರ್ಮಗುರುಗಳಾದ ನಾವೂ ಬಲ್ಲೆವು; ತಪ್ಪಿಹೋದ ಕುರಿಯನ್ನು ಹಟ್ಟಿಯಲ್ಲಿಯೇ ಕುಳಿತು ಕಾಯುವುದು ಕುರುಬನ ರೀತಿಯಲ್ಲ. ತಾರಾಬಾಯಿಯವರು ಶಾಲೆಯನ್ನೇ ಕೇರಿಗೆ ಕೊಂಡೊಯ್ದರು. ಮನೆಗಳ ಮುಂದಿನ ಅಂಗಳದಲ್ಲಿ ಮಕ್ಕಳ ಮೈತೊಳೆದು, ತಲೆ ಬಾಚಿ, ಹಾಡು ಕಥೆಗಳನ್ನು ಹೇಳಿಕೊಡತೊಡಗಿದರು. ಮರಾಠಿಯಲ್ಲಿಯೂ ಅಂಗಳಕ್ಕೆ ‘ಅಂಗಣ’ವೆಂದೇ ಹೆಸರು. ಅಂಗನವಾಡಿ ಎಂಬ ಮಾತು ಹುಟ್ಟಿದ್ದು ಹೀಗೆ.

ಮುಂದೆ 1957ರ ಸುಮಾರಿಗೆ ಕಾರ್ಯಕ್ಷೇತ್ರವು ಸಮೀಪದ ಕೋಸಬಾಡ್ ಗುಡ್ಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ, ಸ್ಥಳಾಂತರಗೊಂಡಿತು. ಅಲ್ಲಿಯ ತೊಡಕು ಬೇರೆ. ತಾಯಿ ಕೂಲಿಗೆ ಹೊರಟರೆ ಹಿರಿಯ ಮಗಳು ಕಿರಿಯದನ್ನು ಕಂಕುಳಲ್ಲಿ ಹೊತ್ತು ಮನೆಯಲ್ಲಿಯೇ ಉಳಿಯಬೇಕಾಗಿತ್ತು. ಅದಕ್ಕೆಂದು ಶಿಶುಪಾಲನಾ ಮನೆ, ಬಾಲವಾಡಿ, ಪ್ರಾಥಮಿಕ ತರಗತಿ ಮೂರನ್ನೂ ಒಂದೇ ಕಡೆ ಸೇರಿಸಿದರು. ದನ ಕಾಯುವ ಹುಡುಗರಿಗೆ ಹುಲ್ಲುಗಾವಲಿನಲ್ಲಿಯೇ ಪಾಠ ನಡೆಯಿತು. ಮಕ್ಕಳ ದಿನಚರಿಗೆ ಶಾಲೆಯೇ ಹೊಂದಿಕೊಂಡ ಇಂಥ ಉದಾಹರಣೆಗಳು ವಿರಳ.

ಕೇಂದ್ರ ಸರ್ಕಾರವು 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ಇದೇ ಹೆಸರು ಬಂದಿತು. ದೇಶದಲ್ಲಿ ಆಯ್ದ 33 ಕ್ಷೇತ್ರಗಳ ಪೈಕಿ ಕರ್ನಾಟಕದ್ದು, ಕಾವೇರಿ ಕಪಿಲೆಯರು ಕೂಡುವ ಟಿ. ನರಸೀಪುರ. ಇಂದು ನಮ್ಮ ರಾಜ್ಯದಲ್ಲಿ 60,000ಕ್ಕೂ ಹೆಚ್ಚು ಅಂಗನವಾಡಿಗಳುಂಟು. ಲಸಿಕೆ, ಪೌಷ್ಟಿಕ ಆಹಾರ, ಮೂರರಿಂದ ಆರು ವರ್ಷದವರಿಗೆ ಶಾಲಾಪೂರ್ವ ಶಿಕ್ಷಣ, ಎಲ್ಲವೂ ಆ ಒಂದೇ ಕೊಠಡಿಯಲ್ಲಿ.

ಅಲ್ಲಿ ಕುಳಿತಿರುವ ಮಕ್ಕಳು ಯಾರು? ನಾನು ಕಂಡಂತೆ, ಶುಲ್ಕ ತೆರಬಲ್ಲವರ ಮಕ್ಕಳು ಇಂಗ್ಲಿಷ್ ನರ್ಸರಿಗಳಿಗೆ ಹೊರಟುಹೋಗಿದ್ದಾರೆ. ಅವುಗಳಲ್ಲಿ ಕಾನ್ವೆಂಟುಗಳೂ ಸೇರಿವೆ. ಗಾರೆ ಕೆಲಸದವರ, ಮನೆಗೆಲಸದವರ, ಗುಳೆ ಬಂದವರ ಮಕ್ಕಳು ಉಳಿದಿದ್ದಾರೆ. ಅವರನ್ನು ಓದಿಸಿ, ಉಣಿಸಿ, ತೂಗಿ, ಲೆಕ್ಕ ಬರೆಯುವ ಹೆಣ್ಣುಮಗಳು ಸರ್ಕಾರದ ಕಡತದಲ್ಲಿ ಶಿಕ್ಷಕಿಯಲ್ಲ, ಗೌರವಧನ ಪಡೆಯುವ ಕಾರ್ಯಕರ್ತೆ. ಆಕೆಗೂ ಗ್ರಾಚ್ಯುಟಿಯ ಹಕ್ಕುಂಟೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2022ರಲ್ಲಿ. ಯೋಜನೆ ಆರಂಭವಾಗಿ ಆಗಲೇ 46 ವರ್ಷಗಳು ಕಳೆದಿದ್ದವು.