ಕಳ್ಳ ಸಾಫ್ಟ್‌ವೇರ್: ಕೊಂಡವರ ದೂರು ಕೇಳುವವರು ಯಾರು?

ನೆಲಮಂಗಲದಲ್ಲಿ ತುಮಕೂರು ಹೆದ್ದಾರಿಯ ಬದಿಗೂ ಹೊಸಕೋಟೆಯಲ್ಲಿ ಕೋಲಾರದ ಹೆದ್ದಾರಿಯ ಬದಿಗೂ ಎದ್ದು ನಿಂತಿರುವ ಗೋದಾಮುಗಳನ್ನು ನೋಡಿದರೆ, ಆನ್‌ಲೈನ್ ವ್ಯಾಪಾರ ಎಂದರೆ ಪೆಟ್ಟಿಗೆಗಳ ಓಡಾಟವೇ ಎಂದು ತೋರುತ್ತದೆ. ಪೆಟ್ಟಿಗೆಯಾದರೆ ತಡೆದು ತೆರೆದು ನೋಡಬಹುದು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಂಥ ಕಡೆ ಹೊರದೇಶದ ನಕಲಿ ಸರಕನ್ನು ಕಸ್ಟಮ್ಸ್ ತಡೆಹಿಡಿಯಲು 2007ರಿಂದ ನಿಯಮಗಳೂ ಇವೆ. ಆದರೆ ಕಳ್ಳ ಸಾಫ್ಟ್‌ವೇರ್ ಈಗ ಪೆಟ್ಟಿಗೆಯಲ್ಲಿ ಬರುವುದು ಅಪರೂಪ. ದುಡ್ಡು ಯುಪಿಐನಲ್ಲಿ ಹೋಗುತ್ತದೆ, ಆ್ಯಕ್ಟಿವೇಶನ್ ಕೀ ಇಮೇಲ್‌ನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಬರುತ್ತದೆ. ಅದು ಯಾವ ಗೋದಾಮನ್ನೂ ಯಾವ ತಪಾಸಣೆಯನ್ನೂ ದಾಟುವುದಿಲ್ಲ. ಕೆಲವು ತಿಂಗಳ ಮೇಲೆ ಕೀ ಸತ್ತಾಗ ಮೋಸ ಕಣ್ಣಿಗೆ ಬೀಳುವುದು ಕೊಂಡವರಿಗೆ. ಆದರೂ ದೂರು ಕೊಡುವ ವ್ಯವಸ್ಥೆ ನಮ್ಮಲ್ಲಿ ಬೆಳೆದುಬಂದ ಬಗೆಯನ್ನು ನೋಡಿದರೆ, ಕಾನೂನು ಒಂದೊಂದು ಹೆಜ್ಜೆ ಇಟ್ಟಾಗಲೂ ಹಕ್ಕುದಾರ ಕಂಪನಿಯ ದನಿ ಗಟ್ಟಿಯಾಗಿದೆ, ಕೊಂಡವರು ಬಾಗಿಲ ಹೊರಗೇ ಉಳಿದಿದ್ದಾರೆ. ಈ ಲೋಪ ತಿದ್ದದೆ ಉಳಿದ ಯಾವ ಸುಧಾರಣೆಯೂ ಹೆಚ್ಚು ಫಲ ಕೊಡದು.

ಮೊದಲ ಹಂತ ಅಂಗಡಿಗಳ ಮೇಲಿನ ದಾಳಿಯದು. ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯಕೃತಿಯೆಂದು 1957ರ ಕೃತಿಸ್ವಾಮ್ಯ ಕಾಯ್ದೆಯೊಳಗೆ ಸೇರಿಸಿದ್ದು 1984ರ ತಿದ್ದುಪಡಿ. ಹತ್ತು ವರ್ಷದ ನಂತರ ಬಂದ ಇನ್ನೊಂದು ತಿದ್ದುಪಡಿ 63ಬಿ ಕಲಮನ್ನು ತಂದಿತು: ಕಳ್ಳಪ್ರತಿಯೆಂದು ಗೊತ್ತಿದ್ದೂ ಅದನ್ನು ಬಳಸಿದವರಿಗೆ ಕನಿಷ್ಠ 7 ದಿನ, ಗರಿಷ್ಠ 3 ವರ್ಷ ಸೆರೆವಾಸ, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆಗ ಕಳ್ಳಪ್ರತಿಗೊಂದು ವಿಳಾಸವಿತ್ತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಂಥ ಕಡೆ ಸಿಡಿಗಳು ರಾಶಿಯಾಗಿ ಸಿಗುತ್ತಿದ್ದವು; ಯಾರೋ ಸುಳಿವು ಕೊಟ್ಟರೆ ಪೊಲೀಸರು ಹೋಗಿ ಮುಟ್ಟುಗೋಲು ಹಾಕುತ್ತಿದ್ದರು. ನಾಸ್ಕಾಂ, ಬಿಎಸ್‌ಎಯಂಥ ಉದ್ಯಮ ಸಂಘಟನೆಗಳು ಸುಳಿವುದಾರರಿಗಾಗಿಯೇ ದೂರವಾಣಿ ತೆರೆದಿದ್ದವು. ಬಿಎಸ್‌ಎ ಅಂದಾಜಿನಂತೆ ಭಾರತದಲ್ಲಿ ಪರವಾನಗಿಯಿಲ್ಲದ ಸಾಫ್ಟ್‌ವೇರ್‌ನ ಪಾಲು 2005ರಲ್ಲಿ ಶೇ. 72 ಇದ್ದದ್ದು 2017ಕ್ಕೆ ಶೇ. 56ಕ್ಕೆ ಇಳಿಯಿತು. ಇದು ಉದ್ಯಮದವರೇ ಮಾಡಿಸಿದ ಅಂದಾಜು, ಹಾಗಾಗಿ ಅಂಕಿಯನ್ನು ಅಕ್ಷರಶಃ ನಂಬಬೇಕಿಲ್ಲ. ಆದರೂ ಹನ್ನೆರಡು ವರ್ಷಗಳ ನಂತರವೂ ಅರ್ಧಕ್ಕಿಂತ ಹೆಚ್ಚು ಉಳಿದಿತ್ತೆಂದರೆ ದಾಳಿಗಳಿಗೆ ಎಷ್ಟು ಮಿತಿಯಿತ್ತೆಂಬುದು ಅರ್ಥವಾಗುತ್ತದೆ.

ಎರಡನೆಯ ಹಂತ ಹರಾಜು ತಾಣಗಳೊಂದಿಗೆ ಶುರುವಾಯಿತು. ಅಮೆರಿಕದ ಇಬೇ ತೊಂಬತ್ತರ ದಶಕದ ಕೊನೆಯಲ್ಲೇ ವೆರೋ ಎಂಬ ವ್ಯವಸ್ಥೆ ಮಾಡಿತು: ಹಕ್ಕುದಾರರು ಸಹಿ ಮಾಡಿದ ನೋಟಿಸ್ ಕಳಿಸಿದರೆ ಆ ಮಾರಾಟವನ್ನು ತಾಣದಿಂದ ತೆಗೆಯಲಾಗುತ್ತದೆ. ಭಾರತದಲ್ಲಿ 2000ದಲ್ಲಿ ಆರಂಭವಾದ ಬಾಜೀ ಡಾಟ್ ಕಾಮ್ ತಾಣವನ್ನು 2004ರಲ್ಲಿ ಇಬೇ ಕೊಂಡಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿ ಒಂದು ಅಶ್ಲೀಲ ವಿಡಿಯೊ ಮಾರಾಟಕ್ಕೆ ಬಂತು. ಅದು ಸಾಫ್ಟ್‌ವೇರ್ ಪ್ರಕರಣವಲ್ಲ, ಆದರೆ ಇಂದಿನ ದೂರು ವ್ಯವಸ್ಥೆಯ ಬೇರು ಅಲ್ಲೇ ಇದೆ. ತಾಣದ ಸಾಮಾನ್ಯ ಬಳಕೆದಾರರೊಬ್ಬರ ಎಚ್ಚರಿಕೆ 27ನೇ ತಾರೀಕು ಶನಿವಾರ ರಾತ್ರಿಯೇ ಕಂಪನಿಗೆ ತಲುಪಿತ್ತು. ಮಾರಾಟದ ಪುಟ ತೆಗೆದದ್ದು 29ರ ಸೋಮವಾರ ಬೆಳಿಗ್ಗೆ. ನಡುವೆ ಪ್ರತಿಗಳು ಮಾರಾಟವಾದವು. ಡಿಸೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ಅವನೀಶ್ ಬಜಾಜ್ ಅವರ ಬಂಧನವಾದಾಗ ಉದ್ಯಮ ಬೆಚ್ಚಿಬಿತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಿದ್ದುಪಡಿಯಾಗಿ, ಮಧ್ಯವರ್ತಿ ತಾಣಗಳಿಗೆ ರಕ್ಷಣೆ ಕೊಡುವ 79ನೇ ಕಲಮು ಹೊಸ ರೂಪದಲ್ಲಿ 2009ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಮಾರುಕಟ್ಟೆ ನಡೆಸುವವರನ್ನು ಬೇರೆಯವರ ತಪ್ಪಿಗಾಗಿ ಜೈಲಿಗೆ ಕಳಿಸಬಾರದೆಂಬ ಪಾಠವನ್ನು ಕಾನೂನು ಕಲಿತುಕೊಂಡಿತು. ಬಳಕೆದಾರರ ದೂರಿಗೆ ಅದೇ ರಾತ್ರಿ ಕಿವಿಗೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಬಂದ ನಿಯಮಗಳೆಲ್ಲ ಹಕ್ಕುದಾರರ ಸುತ್ತಲೇ ಹೆಣೆದವು. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ ಕೃತಿಯ ಒಡೆಯರು ಲಿಖಿತ ದೂರು ಕೊಟ್ಟರೆ ತಾಣ 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. 21 ದಿನದೊಳಗೆ ಅವರು ಕೋರ್ಟಿನ ಆದೇಶ ತರದಿದ್ದರೆ ತಡೆ ಮುಂದುವರಿಸಬೇಕಿಲ್ಲ. ಮೈಸ್ಪೇಸ್ ತಾಣದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಕೊಟ್ಟ ತೀರ್ಪು ಕೂಡ, ಯಾವ ಕೃತಿ ಎಂದು ಬೊಟ್ಟು ಮಾಡಿ ತಿಳಿಸಿದಾಗಲೇ ತಾಣಕ್ಕೆ ನಿಜವಾದ ಅರಿವು ಬಂತೆನ್ನಬಹುದು ಎಂದಿತು. ಇದರ ಹಿಂದಿನ ವಾದ ಗಟ್ಟಿಯಾಗಿಯೇ ಇದೆ. ಯಾವುದಕ್ಕೆ ಪರವಾನಗಿ ಕೊಟ್ಟಿದ್ದೇವೆ, ಯಾವುದಕ್ಕೆ ಇಲ್ಲ ಎಂಬುದು ಕಂಪನಿಗಲ್ಲದೆ ಬೇರೆಯವರಿಗೆ ಹೇಗೆ ಗೊತ್ತಾಗಬೇಕು? ಕಂಡವರೆಲ್ಲ ದೂರು ಕೊಟ್ಟರೆ ಪ್ರಾಮಾಣಿಕ ಮಾರಾಟಗಾರರ ಗತಿಯೇನು? ಈ ಭಯಕ್ಕೆ ಆಧಾರವಿದೆ. ಆದರೆ ಅತಿ ಪ್ರಸಿದ್ಧ ಉದಾಹರಣೆಯಲ್ಲಿ ಹಾಗೆ ದೂರಿದ್ದು ಸಾಮಾನ್ಯರಲ್ಲ. ತಿಮೋತಿ ವೆರ್ನರ್ ಎಂಬ ಅಮೆರಿಕನ್ನರೊಬ್ಬರು ಬಳಸಿದ ಆಟೊಕ್ಯಾಡ್‌ನ ಅಸಲಿ ಪ್ರತಿಗಳನ್ನು ಇಬೇಯಲ್ಲಿ ಮಾರಲು ಹೋದಾಗ ಆಟೊಡೆಸ್ಕ್ ಕಂಪನಿಯೇ ಮತ್ತೆ ಮತ್ತೆ ನೋಟಿಸ್ ಕೊಟ್ಟು ಅವರ ಖಾತೆ ಅಮಾನತಾಗುವಂತೆ ಮಾಡಿತು. ಸಿಡಿಯ ಜೊತೆ ಬಂದದ್ದು ಒಡೆತನವಲ್ಲ, ಪರವಾನಗಿ ಮಾತ್ರ ಎಂದು 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ನಿಂತಿತು. ಯುರೋಪಿನ ನ್ಯಾಯಾಲಯವಾದರೋ 2012ರಲ್ಲಿ ಯೂಸ್ಡ್‌ಸಾಫ್ಟ್ ಪ್ರಕರಣದಲ್ಲಿ, ಬಳಸಿದ ಪರವಾನಗಿಯ ಮರುಮಾರಾಟ ತಪ್ಪಲ್ಲ ಎಂದಿತು. ಅಂದಮೇಲೆ ಅಗ್ಗವಾದದ್ದೆಲ್ಲ ಕಳ್ಳಮಾಲಲ್ಲ, ಹಕ್ಕುದಾರರ ದೂರೆಲ್ಲ ಪ್ರಶ್ನಾತೀತವೂ ಅಲ್ಲ. ದೂರನ್ನು ಪರೀಕ್ಷಿಸುವ ಕ್ರಮ ಎಲ್ಲರಿಗೂ ಬೇಕು. ದೂರುದಾರರನ್ನೇ ಸೋಸಿ ಹೊರಗಿಡುವುದರಿಂದ ಆ ಕೆಲಸವಾಗುವುದಿಲ್ಲ.

ಕರ್ನಾಟಕದ ಪೊಲೀಸ್ ವ್ಯವಸ್ಥೆ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಇಡೀ ರಾಜ್ಯದ ವ್ಯಾಪ್ತಿಯಿರುವ ಸೈಬರ್ ಅಪರಾಧ ಠಾಣೆ ತೆರೆಯಿತು. ಈಗ ಜಿಲ್ಲೆಗಳಲ್ಲೇ ಸೈಬರ್ ಅಪರಾಧ ನೋಡಿಕೊಳ್ಳುವ ಠಾಣೆಗಳಿವೆ. ಗೂಂಡಾ ಕಾಯ್ದೆ ಎಂದು ಜನ ಕರೆಯುವ 1985ರ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಲಾಭಕ್ಕಾಗಿ ಸಾಫ್ಟ್‌ವೇರ್ ಕದಿಯುವವರನ್ನೂ ಡಿಜಿಟಲ್ ಅಪರಾಧಿಗಳೆಂದು ಸೇರಿಸಲಾಯಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದಾದ ಅಸ್ತ್ರ ಅದು, ಈ ಅಪರಾಧಕ್ಕೆ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಕೃತಿಸ್ವಾಮ್ಯದ 63ನೇ ಕಲಮಿನ ಅಪರಾಧ ಪೊಲೀಸರು ತಾವಾಗಿಯೇ ದಾಖಲಿಸಬಹುದಾದದ್ದು, ಜಾಮೀನುರಹಿತವಾದದ್ದು ಎಂದು ಸುಪ್ರೀಂ ಕೋರ್ಟ್ 2022ರ ನಿಟ್ ಪ್ರೋ ಪ್ರಕರಣದಲ್ಲಿ ಹೇಳಿದ ಮೇಲಂತೂ ಅಧಿಕಾರದ ಕೊರತೆ ಎನ್ನುವಂತಿಲ್ಲ. ಕೊರತೆ ಇರುವುದು ಮಾಹಿತಿಯದು. ಆ ಮಾಹಿತಿ ಕೊಂಡವರ ಮೊಬೈಲಿನಲ್ಲಿದೆ: ಮಾರಿದವರ ಹೆಸರು, ಪಾವತಿಯ ಸಂಖ್ಯೆ, ಕೀ ಬಂದ ಸಂದೇಶ.

ಹಾಗಿದ್ದೂ ಅವರು ಏಕೆ ಮುಂದೆ ಬರುವುದಿಲ್ಲ? ಜಿಎಸ್‌ಟಿ 2017ರ ಜುಲೈನಲ್ಲಿ ಬಂದಾಗಿನಿಂದ ದೊಡ್ಡಬಳ್ಳಾಪುರದ ಮಗ್ಗದ ಮಾಲೀಕರಿಂದ ಹಿಡಿದು ಸೀರೆ ವ್ಯಾಪಾರಿಗಳವರೆಗೆ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಗಲೇಬೇಕಾಯಿತು. ಅಂಥ ಸಣ್ಣ ಉದ್ದಿಮೆಯೊಂದು 'ಲೈಫ್‌ಟೈಮ್ ಲೈಸೆನ್ಸ್' ಎಂಬ ಮಾತು ನಂಬಿ, ಬಿಲ್ ಸಮೇತ ಕೊಂಡ ಸಾಫ್ಟ್‌ವೇರ್ ನಕಲಿ ಎಂದು ಗೊತ್ತಾದರೆ ಅದರ ಮುಂದಿರುವುದು 63ಬಿ. ದೂರು ಕೊಡುವುದೆಂದರೆ ನಾವೂ ಕಳ್ಳಪ್ರತಿ ಬಳಸಿದ್ದೇವೆಂದು ಬರೆದುಕೊಟ್ಟಂತೆ ಎಂದು ಹೆದರುತ್ತಾರೆ. ವ್ಯಾಪಾರಕ್ಕಲ್ಲದೆ ಬಳಸಿದವರಿಗೆ ಸೆರೆವಾಸ ತಪ್ಪಿಸಿ 50 ಸಾವಿರದವರೆಗಿನ ದಂಡಕ್ಕೆ ಇಳಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ವ್ಯಾಪಾರಸ್ಥರಿಗೆ ಅದೂ ಇಲ್ಲ. ಆದರೆ ಆ ಕಲಮಿನ ಜೀವ ಇರುವುದು 'ಗೊತ್ತಿದ್ದೂ' ಎಂಬುದರಲ್ಲಿ. ಮೋಸ ತಿಳಿದ ಕೂಡಲೇ ಬಳಕೆ ನಿಲ್ಲಿಸಿ ದೂರು ಕೊಟ್ಟವರನ್ನು ಗೊತ್ತಿದ್ದೂ ಬಳಸಿದವರ ಸಾಲಿಗೆ ಸೇರಿಸಲಾಗದು. ಇದನ್ನು ಪೊಲೀಸ್ ಇಲಾಖೆ ಒಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಹೇಳಿದರೆ ಅರ್ಧ ಭಯ ಕರಗುತ್ತದೆ.

ಅಷ್ಟು ಅಗ್ಗಕ್ಕೆ ಸಿಕ್ಕಾಗಲೇ ಅನುಮಾನ ಬರಬೇಕಿತ್ತಲ್ಲ, ಕೊಂಡವರೂ ಪಾಲುದಾರರೇ ಎನ್ನುವವರಿದ್ದಾರೆ. ಕೆಲವರ ವಿಷಯದಲ್ಲಿ ಅದು ನಿಜ. ಆದರೆ ಸಾಫ್ಟ್‌ವೇರ್‌ಗೆ ಇಂತಿಷ್ಟೇ ಬೆಲೆ ಎಂಬುದು ಗ್ರಾಹಕರಿಗೆ ಎಂದೂ ಸ್ಪಷ್ಟವಾಗಿರಲಿಲ್ಲ. ಕನ್ನಡಿಗರಿಗೆ 1998ರಿಂದ ಕನ್ನಡ ಬೆರಳಚ್ಚಿನ 'ಬರಹ' ತಂತ್ರಾಂಶ ಉಚಿತವಾಗಿ ಸಿಕ್ಕಿತ್ತು, ಆಮೇಲೆ ಸರ್ಕಾರವೇ ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ಉಚಿತವಾಗಿ ಹಂಚಿತು. ನ್ಯಾಯವಾಗಿಯೇ ಬಿಟ್ಟಿ ಸಿಗುವ ತಂತ್ರಾಂಶ, ವಿದ್ಯಾರ್ಥಿಗಳಿಗೆ ರಿಯಾಯಿತಿ, ಹಬ್ಬದ ಮಾರಾಟ ಎಲ್ಲವೂ ಒಂದೇ ಪರದೆಯ ಮೇಲೆ ಇರುವಾಗ ಬೆಲೆಯೊಂದರಿಂದಲೇ ಅಸಲಿ ನಕಲಿ ಅಳೆಯಿರಿ ಎನ್ನುವುದು ಅನ್ಯಾಯ.

ದಾರಿ ಪೂರ್ತಿ ಮುಚ್ಚಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ, ಕೊಂಡವರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹೂಡಬಹುದು. ಮಾರಾಟಗಾರ ದೆಹಲಿಯಲ್ಲಿದ್ದರೂ ಸರಿ. ಆದರೆ ಬಳಕೆ ಲಾಭದ ವ್ಯಾಪಾರಕ್ಕಾಗಿದ್ದರೆ ಗ್ರಾಹಕರೇ ಅಲ್ಲವೆಂಬ ತಕರಾರು ಬರುತ್ತದೆ. ಹೊಟ್ಟೆಪಾಡಿನ ಸ್ವಯಂ ಉದ್ಯೋಗಕ್ಕೆ ಮಾತ್ರ ವಿನಾಯಿತಿ. 2020ರ ಇ-ಕಾಮರ್ಸ್ ನಿಯಮಗಳಂತೆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕ ಸಹಾಯವಾಣಿ 1915, ಹಣ ಕಳೆದುಕೊಂಡಿದ್ದರೆ ಸೈಬರ್ ಸಹಾಯವಾಣಿ 1930. ದೂರು ಕೊಡುವ ಮೊದಲು ಮಾರಾಟದ ಪುಟದ ಚಿತ್ರ, ಅದರ ವಿಳಾಸ, ಬಿಲ್, ಪಾವತಿಯ ವಿವರ ಉಳಿಸಿಕೊಳ್ಳಬೇಕು. ಮಾರಿದವರಿಗೆ ಮೊದಲು ಸಂದೇಶ ಕಳಿಸಿದರೆ ಪುಟವೇ ಮಾಯವಾಗಬಹುದು. ಅದೇ ಇ-ಕಾಮರ್ಸ್ ನಿಯಮಗಳಲ್ಲಿ ಇನ್ನೊಂದು ಮಾತಿದೆ: ಕೃತಿಸ್ವಾಮ್ಯ ಉಲ್ಲಂಘನೆಗಾಗಿ ತೆಗೆದುಹಾಕಿದ ಸರಕನ್ನೇ ಮತ್ತೆ ಮತ್ತೆ ಮಾರಾಟಕ್ಕಿಟ್ಟವರ ದಾಖಲೆಯನ್ನು ತಾಣ ಇಟ್ಟುಕೊಳ್ಳಬೇಕು. ಆದರೆ ಅಂಥವರನ್ನು ಹೊರಹಾಕಲೇಬೇಕೆಂಬ ಕಡ್ಡಾಯವಿಲ್ಲ ಎಂದು ಅದರ ಬೆನ್ನಿಗೇ ಬರೆದಿದೆ. ಮಾರಾಟದ ಪುಟ ತೆಗೆದ ಮೇಲೆ, ಅದಕ್ಕೂ ಮೊದಲು ಅಲ್ಲಿ ಕೊಂಡಿದ್ದವರಿಗೆ ವಿಷಯ ತಿಳಿಸಬೇಕೆಂದೂ ಅಲ್ಲಿ ಹೇಳಿಲ್ಲ. ಅವರೆಲ್ಲರ ಇಮೇಲ್, ಮೊಬೈಲ್ ಸಂಖ್ಯೆ ತಾಣದ ಬಳಿ ಇರುತ್ತದೆ. ಯುರೋಪಿನಲ್ಲಿ 2024ರ ಫೆಬ್ರುವರಿಯಿಂದ ಪೂರ್ಣವಾಗಿ ಜಾರಿಯಲ್ಲಿರುವ ಡಿಜಿಟಲ್ ಸೇವೆಗಳ ಕಾಯ್ದೆಯ 32ನೇ ವಿಧಿ, ಕಾನೂನುಬಾಹಿರ ಸರಕೊಂದು ತನ್ನಲ್ಲಿ ಮಾರಾಟವಾಗಿದೆ ಎಂದು ತಾಣಕ್ಕೆ ತಿಳಿದರೆ ಹಿಂದಿನ ಆರು ತಿಂಗಳಲ್ಲಿ ಅದನ್ನು ಕೊಂಡವರಿಗೆ ಆ ಸಂಗತಿ, ಮಾರಿದವರ ಗುರುತು, ಪರಿಹಾರದ ದಾರಿ ಮೂರನ್ನೂ ತಿಳಿಸಬೇಕೆನ್ನುತ್ತದೆ. ನಮ್ಮ 2020ರ ನಿಯಮಗಳಿಗೆ ಇಂಥದೊಂದು ಕಲಮು ಸೇರಿಸಲು ಸಂಸತ್ತು ಹೊಸ ಕಾಯ್ದೆ ಮಾಡಬೇಕಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಒಂದು ಅಧಿಸೂಚನೆ ಹೊರಡಿಸಿದರೆ ಸಾಕು.