ತಿಂಗಳ ಎಣಿಕೆ

ಹಳೆಯ ಮಡಿವಂತ ಮನೆಗಳಲ್ಲಿ ಹೆಂಗಸರ ಮುಟ್ಟಿನ ದಿನಗಳ ಲೆಕ್ಕ ತಪ್ಪುತ್ತಿರಲಿಲ್ಲ. ಯಾರು ಎಂದು ದೂರ ಕುಳಿತರು, ಯಾರಿಗೆ ನಾಲ್ಕನೆಯ ದಿನದ ನೀರಾಯಿತು ಎಂಬುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು. ಮುಟ್ಟಬಾರದ ಸ್ಥಿತಿಗೆ ‘ಮುಟ್ಟು’ ಎಂದೇ ಹೆಸರಿಟ್ಟ ನಮ್ಮ ನುಡಿಯ ವಿನೋದ ಹಾಗಿರಲಿ. ಇಷ್ಟು ನಿಷ್ಠೆಯಿಂದ ದಿನವೆಣಿಸಿದ ಸಮಾಜ, ಎಣಿಕೆ ತಪ್ಪಿದಾಗ ಆ ಹೆಂಗಸಿನ ಮೈಗೆ ಏನಾಗಿದೆಯೆಂದು ಕೇಳಿತೇ? ಎಣಿಕೆಯಿದ್ದದ್ದು ಮಡಿಗಾಗಿ, ಮೈಗಾಗಿ ಅಲ್ಲ.

ತಿಳಿವಳಿಕೆ ಇರಲಿಲ್ಲವೆನ್ನುವಂತಿಲ್ಲ. ರಜಸ್ಸು 12ನೆಯ ವಯಸ್ಸಿಗೆ ತೊಡಗಿ 50ರಲ್ಲಿ ನಿಲ್ಲುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಅತಿಯಾಗಿಯೋ ಅಕಾಲದಲ್ಲಿಯೋ ಹರಿಯುವ ರಕ್ತವನ್ನು ‘ಅಸೃಗ್ದರ’ವೆಂಬ ರೋಗವಾಗಿ ಎಣಿಸುತ್ತದೆ. ಇದಕ್ಕಿಂತ ಕುತೂಹಲದ ಸಂಗತಿ ಪರಾಶರಸ್ಮೃತಿಯಲ್ಲಿದೆ. 14ನೆಯ ಶತಮಾನದ ವಿಜಯನಗರದಲ್ಲಿ ಮಾಧವಾಚಾರ್ಯರು ವ್ಯಾಖ್ಯಾನ ಬರೆದ ಈ ಸ್ಮೃತಿ, ರೋಗದಿಂದ ದಿನವೂ ರಕ್ತ ಕಾಣುವ ಹೆಂಗಸು ಅದರಿಂದ ಅಶುಚಿಯಾಗುವುದಿಲ್ಲವೆಂದು ತೀರ್ಪು ಕೊಡುತ್ತದೆ. ಅಂದರೆ, ಎಲ್ಲ ಸ್ರಾವವೂ ತಿಂಗಳ ಸ್ರಾವವಲ್ಲ ಎಂಬುದು ಧರ್ಮಶಾಸ್ತ್ರಕ್ಕೂ ಗೊತ್ತಿತ್ತು. ಆದರೆ ಅದರ ವಿಚಾರಣೆ ಶುದ್ಧಿಯ ಹೊಸ್ತಿಲಲ್ಲಿಯೇ ನಿಂತಿತು.

12ನೆಯ ಶತಮಾನದ ಶರಣರು ಆ ಹೊಸ್ತಿಲನ್ನೇ ಕಿತ್ತರು. ಅವರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ನಮ್ಮ ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಸೇರಿದ್ದು ಅಂಥ ಬಳಗವನ್ನು. ಆ ಧೈರ್ಯ ದೊಡ್ಡದು. ಅದು ಮನೆಮನೆಗೆ ಇಳಿಯಲಿಲ್ಲವೆಂಬುದು ಬೇರೆ ಮಾತು.

ಆಧುನಿಕ ವೈದ್ಯ ಬಂದಾಗ ಮತ್ತೊಂದು ಅಡ್ಡಗೋಡೆ ಎದ್ದಿತು. 1853ರಲ್ಲಿ ಇಂಗ್ಲಿಷರ ಕೈಸೇರಿ 1860ರಲ್ಲಿ ನಿಜಾಮನಿಗೆ ಮರಳಿದ ರಾಯಚೂರು 1948ರವರೆಗೂ ಹೈದರಾಬಾದು ಸಂಸ್ಥಾನದಲ್ಲಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಪಾಠ ಹೇಳಿತು. ದೇವದುರ್ಗದ, ಮಾನವಿಯ ಹೆಂಗಸಿನ ಕನ್ನಡ ಬೇರೆ, ಅದರಲ್ಲಿಯೂ ‘ಹೊರಗಾಗಿದ್ದೇನೆ’ ಎಂಬ ಮರೆಮಾತು ಬೇರೆ. ಗಂಡಸಾದ ವೈದ್ಯನ ಮುಂದೆ ಅವಳು ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಹಿಂತಿರುಗಿರಬಹುದೆಂದು ಊಹಿಸುವುದು ಕಷ್ಟವಲ್ಲ. ಮುಂದೆ ವೈದ್ಯೆ ಅನುಪಮಾ ನಿರಂಜನರು ‘ಕೇಳು ಕಿಶೋರಿ’ಯಂಥ ಪುಸ್ತಕಗಳಲ್ಲಿ ಈ ಮಾತನ್ನು ನೇರ ಕನ್ನಡದಲ್ಲಿ ಆಡಿದ್ದನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ತಕ್ಕಷ್ಟು ಗಮನಿಸಿಲ್ಲ.

ಇಂದು ದೇವದುರ್ಗ, ಮಾನವಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ರಾಯಚೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಎಣಿಕೆಯನ್ನು ಮೈಯ ಕಡೆಗೆ ತಿರುಗಿಸಬೇಕಾಗಿದೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನಕ್ಕೆ ಸಾಮಾನ್ಯವಾಗಿ 21ರಿಂದ 35 ದಿನ; ಹೊಸದಾಗಿ ಮೈನೆರೆದ ಹುಡುಗಿಯರಲ್ಲಿ ಮೊದಲ ಎರಡು ಮೂರು ವರ್ಷ 45 ದಿನದವರೆಗೂ ಹೋಗಬಹುದು. ನಾಲ್ಕಾರು ದಿನದ ಹೆಚ್ಚುಕಡಿಮೆಗೆ ಹೆದರಬೇಕಿಲ್ಲ. ಆದರೆ 3 ತಿಂಗಳು ಕಾಣದಿದ್ದರೆ, ಸ್ರಾವ 8 ದಿನ ದಾಟಿದರೆ, ಎರಡು ಮುಟ್ಟಿನ ನಡುವೆ ರಕ್ತ ಕಂಡರೆ, 15 ತುಂಬಿದರೂ ಹುಡುಗಿ ಮೈನೆರೆಯದಿದ್ದರೆ ವೈದ್ಯರನ್ನು ನೋಡಬೇಕು. ಗಂಟೆಗೊಂದರಂತೆ ಬಟ್ಟೆ ತೊಯ್ದು ತಲೆಸುತ್ತು ಬಂದರೆ, ಬಸಿರಿನ ಶಂಕೆಯಿದ್ದು ರಕ್ತ, ನೋವು ಕಾಣಿಸಿದರೆ ಅಂದೇ ಹೋಗಬೇಕು. ಮುಟ್ಟು ನಿಂತು ವರ್ಷ ಕಳೆದವರಿಗೆ ಒಂದು ಹನಿ ಕಂಡರೂ ಉದಾಸೀನ ಸಲ್ಲದು. ಗರ್ಭಕೋಶದ ಅರ್ಬುದ ಹಾಗೆಯೇ ತಲೆದೋರುವುದುಂಟು. 2019-20ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಂಗಸರಲ್ಲಿ ಅರ್ಧಕ್ಕೆ ಸಮೀಪ ಮಂದಿ ರಕ್ತಹೀನರು. ಅಂಥ ಮೈಗೆ ಅತಿಸ್ರಾವ ಎಷ್ಟು ಭಾರವೆಂದು ಬೇರೆ ಹೇಳಬೇಕೆ?

ವೈದ್ಯರು ಮೊದಲು ಕೇಳುವುದು ಕಳೆದ ಮುಟ್ಟಿನ ತಾರೀಖನ್ನು. ಬಸಿರು, ರಕ್ತದ ಪ್ರಮಾಣ, ಥೈರಾಯ್ಡು, ಬೇಕಾದರೆ ಅಂಡಾಶಯದ ಪರೀಕ್ಷೆ ಆಮೇಲಿನವು. ಗೋಡೆಯ ಪಂಚಾಂಗದಲ್ಲಿ ಏಕಾದಶಿಯ ಪಕ್ಕದಲ್ಲಿಯೇ ಆ ತಾರೀಖಿಗೂ ಒಂದು ಗುರುತು ಹಾಕಲು ಸ್ಥಳವಿದೆ.